ಮನೆಯಲ್ಲೇ ಉಳಿಯುವ ಕಂಪ್ಯೂಟರ್

2025ರ ಮೇ ತಿಂಗಳ ಒಂದು ರಾತ್ರಿ. ಊಟದ ಪಾತ್ರೆಗಳನ್ನು ತೊಳೆದಿಡುತ್ತಿದ್ದೆ. ಬಿ.ಕಾಂ. ಎರಡನೇ ವರ್ಷದಲ್ಲಿದ್ದ ಮಗಳು ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತಳು. “ಉಮ್ಮ, ಇನ್ನು ಒಂದು ಗಂಟೆ ಫೋನ್ ಯಾರಿಗೂ ಕೊಡಬೇಡ” ಎಂದಳು. ಅವಳ ಕೈಯಲ್ಲಿದ್ದುದು ನನ್ನ ಫೋನ್. ಕಾಲೇಜಿನ ಪ್ರಾಜೆಕ್ಟ್ ವರದಿಯನ್ನು ಅದರಲ್ಲೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದಳು. ಹದಿನೈದು ನಿಮಿಷ ಕಳೆದಿರಲಿಲ್ಲ, ಸೌದಿಯಿಂದ ಇವರ ಕರೆ ಬಂತು. ಇವರ ಮಾತು ಮುಗಿದ ಮೇಲೆ ನಾದಿನಿಯ ಕರೆ. ಅಂದಿನ ಬರವಣಿಗೆ ಅಲ್ಲಿಗೇ ಮುಗಿಯಿತು.

ಮರುದಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದಾಗ, ಫೋನಿನಲ್ಲಿ ನೆಟ್ಟಗೆ ಕಾಣುತ್ತಿದ್ದ ಲೆಕ್ಕದ ಕೋಷ್ಟಕಗಳೆಲ್ಲ ಪುಟದ ಅಂಚು ದಾಟಿ ಹೋಗಿದ್ದವು. ಅಂಗಡಿಯ ಹುಡುಗ ಪುಟಕ್ಕೆ ಹತ್ತು ರೂಪಾಯಿ ತೆಗೆದುಕೊಂಡು ಸರಿ ಮಾಡಿಕೊಟ್ಟ. ಮಗಳು ಮನೆಗೆ ಬಂದು ಏನೂ ಹೇಳಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು ಮಲಗಿದಳು.

ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲವೆಂದಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಪಾಠಗಳೆಲ್ಲ ಆನ್‌ಲೈನ್ ಆದಾಗ ಮಕ್ಕಳಿಬ್ಬರಿಗೂ ಇರಲಿ ಎಂದು ಒಂದನ್ನು ತಂದಿದ್ದೆವು. 2022ರಲ್ಲಿ ಮಗ ಇಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದ. ಲ್ಯಾಪ್‌ಟಾಪ್ ಅವನ ಬ್ಯಾಗಿನಲ್ಲಿ ಹೋಯಿತು. ಅದರ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಅದು ಇಬ್ಬರಿಗೂ ಎಂದು ತಂದದ್ದೆಂಬುದು ನನಗೂ ನೆನಪಾಗಲಿಲ್ಲ. ಮಗಳಿಗೆ ನೆನಪಿತ್ತೋ ಏನೋ, ಅವಳು ಕೇಳಲಿಲ್ಲ.

ಈ ಬಾರಿ ವಿಷಯ ತೆಗೆದದ್ದು ನಾನೇ. “ಇನ್ನೊಂದು ಲ್ಯಾಪ್‌ಟಾಪ್ ತೆಗೆದುಬಿಡು” ಎಂದರು ಇವರು. ನಾದಿನಿಯ ಅಭಿಪ್ರಾಯ ಬೇರೆ. “ಇಪ್ಪತ್ತು ವರ್ಷ ಆಯಿತು ಅವಳಿಗೆ. ನಾಳೆ ಸಂಬಂಧ ಕೂಡಿ ಬಂದರೆ ಹೋಗುವವಳು. ನಲವತ್ತು ಸಾವಿರ ಯಾಕೆ ಸುರಿಯುತ್ತೀರಿ ಅತ್ತಿಗೆ, ಫೋನ್ ಸಾಕಾಗುವುದಿಲ್ಲವೇ?” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವಳ ಮನೆಯಲ್ಲಿ ಹಾಗೆಯೇ ನಡೆಯುತ್ತಿದೆ. ಆದರೆ ಆ ಮಾತು ಕೇಳಿದ ಮೇಲೆ ನನ್ನ ತಲೆಯಲ್ಲಿ ಬೇರೊಂದು ಲೆಕ್ಕ ಶುರುವಾಯಿತು. ಲ್ಯಾಪ್‌ಟಾಪ್ ಎಂಬುದು ಮನೆಯಿಂದ ಹೊರಗೆ ಹೋಗುವವರ ಜೊತೆ ಹೋಗುತ್ತದೆ. ಮನೆಯಲ್ಲಿ ಉಳಿಯುವವರಿಗೆ ಮನೆಯಲ್ಲೇ ಉಳಿಯುವ ಕಂಪ್ಯೂಟರ್ ಬೇಡವೇ?

ಡೆಸ್ಕ್‌ಟಾಪ್ ಎಂದೊಡನೆ ನನಗೆ ನೆನಪಾಗುವುದು ಇಪ್ಪತ್ತು ವರ್ಷಗಳ ಹಿಂದೆ ತವರುಮನೆಗೆ ಅಣ್ಣ ತಂದ ಅಸೆಂಬಲ್ಡ್ ಕಂಪ್ಯೂಟರ್. ಟಿವಿಯಷ್ಟು ದಪ್ಪದ ಮಾನಿಟರ್, ಮೊಣಕಾಲೆತ್ತರದ ಪೆಟ್ಟಿಗೆ, ಹಿಂದೆ ಹಾವಿನಂತೆ ಸುತ್ತಿಕೊಂಡ ವೈರುಗಳು. ಉಮ್ಮ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಅಂಥದ್ದನ್ನು ಇಡಲು ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಲ್ಲಿದೆ ಜಾಗ? ಹೀಗೆ ಯೋಚಿಸುತ್ತಿದ್ದಾಗ ಔಷಧಿ ಅಂಗಡಿಯಲ್ಲಿ ಬಿಲ್ ಮಾಡುವ ಪರದೆಯ ಹಿಂಬದಿ ಕಣ್ಣಿಗೆ ಬಿತ್ತು. ಟಿಫಿನ್ ಡಬ್ಬಿಯಂತಹ ಒಂದು ಕಪ್ಪು ಪೆಟ್ಟಿಗೆ ಅಲ್ಲಿ ಅಂಟಿಕೊಂಡಿತ್ತು. “ಕಂಪ್ಯೂಟರ್ ಎಲ್ಲಿದೆ?” ಎಂದು ಕೇಳಿದೆ. “ಇದೇ ಅಕ್ಕ, ಇಷ್ಟೇ” ಎಂದ ಹುಡುಗ.

ಇದಕ್ಕೆ ಮಿನಿ ಪಿಸಿ ಎನ್ನುತ್ತಾರೆ. ಹೊಸ ವಸ್ತುವೇನಲ್ಲ. ಆ್ಯಪಲ್ ಕಂಪೆನಿ 2005ರ ಜನವರಿಯಲ್ಲೇ ಮ್ಯಾಕ್ ಮಿನಿ ಎಂಬ ಹದಿನಾರೂವರೆ ಸೆಂಟಿಮೀಟರ್ ಚೌಕದ ಪೆಟ್ಟಿಗೆಯನ್ನು ಬಿಡುಗಡೆ ಮಾಡಿತ್ತು. ಪರದೆ, ಕೀಲಿಮಣೆ, ಮೌಸ್ ಯಾವುದೂ ಅದರ ಜೊತೆ ಬರುತ್ತಿರಲಿಲ್ಲ. ಇಂಟೆಲ್ ಕಂಪೆನಿಯೂ ಸುಮಾರು ಹತ್ತು ವರ್ಷ ಎನ್‌ಯುಸಿ ಎಂಬ ಹೆಸರಿನಲ್ಲಿ ಇಂತಹ ಪೆಟ್ಟಿಗೆಗಳನ್ನು ಮಾಡಿತು. 2023ರಲ್ಲಿ ಅದನ್ನು ಬಿಟ್ಟಾಗ ಏಸಸ್ ಕಂಪೆನಿ ಆ ಕೆಲಸವನ್ನು ವಹಿಸಿಕೊಂಡಿತು. ಲೆನೊವೊ, ಡೆಲ್, ಎಚ್‌ಪಿ ಕಂಪೆನಿಗಳು ಕಚೇರಿಗಳಿಗೆಂದು ಮಾಡುವ ಪೆಟ್ಟಿಗೆಗಳು ಸುಮಾರು ಹದಿನೆಂಟು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಮೂರೂವರೆ ಸೆಂಟಿಮೀಟರ್ ದಪ್ಪ ಇರುತ್ತವೆ. ಒಂದು ಲೀಟರ್ ಹಾಲು ಹಿಡಿಯುವಷ್ಟು ಜಾಗ ಎನ್ನಬಹುದು.

ಗಾತ್ರ ಚಿಕ್ಕದಾದರೂ ಶಕ್ತಿ ಕಡಿಮೆಯಲ್ಲ. ಬರವಣಿಗೆ, ಲೆಕ್ಕ, ಇಂಟರ್‌ನೆಟ್, ಪಾಠದ ವೀಡಿಯೊ, ಆನ್‌ಲೈನ್ ಅರ್ಜಿಗಳು ಇವಕ್ಕೆ ಧಾರಾಳ ಸಾಕು. ಆಗದಿರುವುದೂ ಇದೆ. ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಇದರೊಳಗೆ ಕೂರಿಸಲು ಜಾಗವಿಲ್ಲ. ಆದ್ದರಿಂದ ಹುಡುಗರು ಬಯಸುವ ಭಾರೀ ಆಟಗಳು ಓಡುವುದಿಲ್ಲ (ಕೆಲವು ತಾಯಂದಿರಿಗೆ ಇದು ಕೊರತೆ ಎನಿಸಲಿಕ್ಕಿಲ್ಲ). ಸಿ.ಡಿ. ಹಾಕುವ ಜಾಗವೂ ಇರುವುದಿಲ್ಲ. ಹಳೆಯ ಮದುವೆ ಸಿ.ಡಿ.ಗಳನ್ನು ನೋಡಬೇಕೆಂದರೆ ಬೇರೆ ಡ್ರೈವ್ ಬೇಕು.

ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬೇಕೇ? ಇಲ್ಲ. ಹಾಸ್ಟೆಲಿನಲ್ಲಿರುವ ಮಕ್ಕಳಿಗೆ, ತರಗತಿಗೆ ಒಯ್ಯಲೇಬೇಕಾದವರಿಗೆ, ದಿನಕ್ಕೆ ನಾಲ್ಕು ಬಾರಿ ಕರೆಂಟ್ ಹೋಗಿ ಇನ್ವರ್ಟರ್ ಕೂಡ ಇಲ್ಲದ ಮನೆಗೆ ಲ್ಯಾಪ್‌ಟಾಪೇ ಸರಿ. ಮಿನಿ ಪಿಸಿಯಲ್ಲಿ ಬ್ಯಾಟರಿ ಇಲ್ಲ, ಕರೆಂಟ್ ಹೋದ ಕ್ಷಣವೇ ಅದು ಆರುತ್ತದೆ. ಬಾಡಿಗೆ ಮನೆ ಪದೇ ಪದೇ ಬದಲಾಯಿಸುವವರೂ ಯೋಚಿಸಬೇಕು. ಲ್ಯಾಪ್‌ಟಾಪಿನ ಬೆಲೆಯಲ್ಲಿ ಪರದೆ, ಕೀಲಿಮಣೆ, ಕ್ಯಾಮರಾ, ಸ್ಪೀಕರ್, ಬ್ಯಾಟರಿ ಎಲ್ಲವೂ ಸೇರಿರುತ್ತದೆ. ಇಲ್ಲಿ ಪೆಟ್ಟಿಗೆಯ ಬೆಲೆ ಮಾತ್ರ ನೋಡಿ ಅಗ್ಗವಾಯಿತೆಂದು ಹಿಗ್ಗಿದರೆ ಆಮೇಲೆ ಒಂದೊಂದಕ್ಕೂ ಪರ್ಸ್ ತೆರೆಯಬೇಕಾಗುತ್ತದೆ. ಟಿವಿಯನ್ನೇ ಪರದೆಯಾಗಿ ಬಳಸಬಹುದಲ್ಲ ಎಂದು ನಾನೂ ಯೋಚಿಸಿದ್ದೆ. ಪ್ರಯತ್ನಿಸಿಯೂ ನೋಡಿದೆವು. ನಮ್ಮದು 32 ಇಂಚಿನ ಎಚ್‌ಡಿ ರೆಡಿ ಟಿವಿ. ಸಿನಿಮಾ ಚೆನ್ನಾಗಿ ಕಾಣುತ್ತದೆ, ಅಕ್ಷರಗಳು ಮಸುಕು. ಹತ್ತಿರ ಕುಳಿತು ಓದಿದರೆ ತಲೆನೋವು.

ಇನ್ನು ಅಂಗಡಿಯ ಕಥೆ. ಜೂನ್ ತಿಂಗಳಲ್ಲಿ, ಮಳೆ ಹಿಡಿದಿದ್ದ ಒಂದು ದಿನ ನಾನೂ ಮಗಳೂ ಹೋದೆವು. ಹೊಸ ಮಿನಿ ಪಿಸಿಗಳಿದ್ದವು. 2024ರ ಕೊನೆಗೆ ಬಂದ ಮ್ಯಾಕ್ ಮಿನಿಯೂ ಇತ್ತು. ಹನ್ನೆರಡೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಚೌಕದ, ಅಂಗೈ ಮೇಲೆ ಇಡಬಹುದಾದ ಅಂದದ ಯಂತ್ರ. ನಮ್ಮ ದೇಶದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 59,900 ರೂಪಾಯಿ. ಬೆಲೆ ಬಿಡಿ, ಮಗಳಿಗೆ ಬೇಕಾದದ್ದು ಟ್ಯಾಲಿ. ವಾಣಿಜ್ಯ ಓದುವ ಮಕ್ಕಳಿಗೆ ಟ್ಯಾಲಿ ಗೊತ್ತಿದ್ದರೆ ಲೆಕ್ಕಪತ್ರದ ಕೆಲಸ ಹುಡುಕುವುದು ಸುಲಭ. ಬೆಂಗಳೂರಿನ ಕಂಪೆನಿಯೊಂದರ ಆ ತಂತ್ರಾಂಶ ಮಾಡಿರುವುದು ವಿಂಡೋಸ್‌ಗಾಗಿ. ಅದರಲ್ಲಿ ಕಲಿಯುವವರಿಗೆಂದು ಉಚಿತ ವಿಧಾನವೂ ಇದೆ. ತಿಂಗಳ ಕೆಲವೇ ದಿನಾಂಕಗಳಲ್ಲಿ ಲೆಕ್ಕ ಬರೆಯಲು ಬಿಡುತ್ತದೆ, ಕಲಿಕೆಗೆ ಅಷ್ಟು ಸಾಕು. ಏನು ಕೆಲಸಕ್ಕೆ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗದಿದ್ದರೆ ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲವೂ ಬೇಕೆನಿಸುತ್ತದೆ.

ನಾವು ಕೇಳಿದ್ದು ಬಳಸಿದ ಪೆಟ್ಟಿಗೆಗಳನ್ನು. ದೊಡ್ಡ ಕಂಪೆನಿಗಳು ಕೆಲವು ವರ್ಷಗಳಿಗೊಮ್ಮೆ ಕಂಪ್ಯೂಟರುಗಳನ್ನು ಒಟ್ಟಿಗೆ ಬದಲಾಯಿಸುತ್ತವೆ. ಹಳೆಯವುಗಳನ್ನು ಶುಚಿಗೊಳಿಸಿ, ಪರೀಕ್ಷಿಸಿ ಮಾರುತ್ತಾರೆ. ಅಂಗಡಿಯವ ಒಂದನ್ನು ಮುಂದಿಟ್ಟ. 9,500 ರೂಪಾಯಿ. “ಐ5 ಮೇಡಂ, ಕಣ್ಣು ಮುಚ್ಚಿ ಒಯ್ಯಿರಿ.” ನಾನು ಪರ್ಸಿಗೆ ಕೈ ಹಾಕಿದ್ದೆ. ಮಗಳು ಕಣ್ಣು ಮುಚ್ಚಲಿಲ್ಲ. ಚೀಟಿ ಓದಿದಳು. “ಉಮ್ಮ, ಇದು 6500ಟಿ. ಆರನೇ ತಲೆಮಾರಿನದ್ದು” ಎಂದಳು.

ಐ5 ಎಂದರೆ ಸಾಲದು, ಅದರ ಮುಂದಿನ ಸಂಖ್ಯೆಯನ್ನು ನೋಡಬೇಕು ಎಂಬುದು ನನಗೆ ಗೊತ್ತಾದದ್ದು ಆಗಲೇ. 6500 ಎಂದಿದ್ದರೆ ಆರನೇ ತಲೆಮಾರು, 8500 ಎಂದಿದ್ದರೆ ಎಂಟನೆಯದು. ವಿಂಡೋಸ್ 11 ನಿಯಮದ ಪ್ರಕಾರ ಓಡಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸತು ಬೇಕು. ಆರನೆಯದಕ್ಕೆ ವಿಂಡೋಸ್ 10ರವರೆಗೆ ಮಾತ್ರ ದಾರಿ. ಆ ವಿಂಡೋಸ್ 10ಕ್ಕೆ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅಂದರೆ ನಾವು ಕೊಂಡು ನಾಲ್ಕು ತಿಂಗಳಿಗೆ. ಸುರಕ್ಷತೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷ ಪಡೆಯುವ ವ್ಯವಸ್ಥೆಯನ್ನು ಕಂಪೆನಿ ಮಾಡಿತಾದರೂ ಅದೂ 2026ರ ಅಕ್ಟೋಬರ್‌ವರೆಗಿನದ್ದು. ಬ್ಯಾಂಕಿನ ಕೆಲಸ, ಆಧಾರ್‌ನ ಕೆಲಸ ಮಾಡುವ ಯಂತ್ರಕ್ಕೆ ಈ ತಿದ್ದುಪಡಿಗಳು ಬಾಗಿಲಿನ ಬೀಗವಿದ್ದಂತೆ. ಅಂಗಡಿಯವ ಸುಳ್ಳು ಹೇಳಲಿಲ್ಲ, ನಾವು ಕೇಳದ್ದನ್ನು ಹೇಳಲಿಲ್ಲ ಅಷ್ಟೆ.

ಬೇರೆ ಅಂಗಡಿಯಲ್ಲಿ 8500ಟಿ ಸಿಕ್ಕಿತು. 16 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ, 15,500 ರೂಪಾಯಿ, ಒಂದು ವರ್ಷದ ವಾರಂಟಿ, ಜಿಎಸ್‌ಟಿ ಬಿಲ್. ಅಲ್ಲೇ ಕುಳಿತು ಅರ್ಧ ಗಂಟೆ ಓಡಿಸಿ ನೋಡಿದೆವು. ವಿಂಡೋಸ್ ಅಸಲಿಯೇ ಎಂದು ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ ಮಗಳು ಪರೀಕ್ಷಿಸಿದಳು. ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂಬುದನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೋರಿಸಿತು. 22 ಇಂಚಿನ ಮಾನಿಟರಿಗೆ 6,800, ಕೀಲಿಮಣೆ ಮತ್ತು ಮೌಸ್‌ಗೆ 900, ಕ್ಯಾಮರಾಗೆ 1,400, ಯುಪಿಎಸ್‌ಗೆ 2,800.

ಇಷ್ಟೆಲ್ಲ ಜಾಗ್ರತೆ ವಹಿಸಿಯೂ ಮನೆಗೆ ಬಂದು ಎಡವಿದೆವು. ಪೆಟ್ಟಿಗೆಯಲ್ಲಿ ವೈಫೈ ಇರಲಿಲ್ಲ! ಕಚೇರಿಗಳಲ್ಲಿ ಕೇಬಲ್ ಮೂಲಕವೇ ಇಂಟರ್‌ನೆಟ್ ಇರುವುದರಿಂದ ಇಂತಹ ಅನೇಕ ಪೆಟ್ಟಿಗೆಗಳಲ್ಲಿ ವೈಫೈ ಹಾಕಿರುವುದಿಲ್ಲವಂತೆ. ಹಿಂದುಗಡೆ ಎಚ್‌ಡಿಎಂಐ ರಂಧ್ರವೂ ಇಲ್ಲ, ಡಿಸ್‌ಪ್ಲೇ ಪೋರ್ಟ್ ಎಂಬ ಬೇರೆ ಆಕಾರದ ರಂಧ್ರ. ಮಳೆಯಲ್ಲೇ ಇನ್ನೊಮ್ಮೆ ಪೇಟೆಗೆ ಹೋಗಿ ವೈಫೈ ಕಡ್ಡಿ ಮತ್ತು ಕೇಬಲ್ ತಂದೆವು. ಎರಡಕ್ಕೂ ಸೇರಿ ಸಾವಿರ. ಒಟ್ಟು 28,400 ರೂಪಾಯಿ. ಕಂತು ಇಲ್ಲ, ಬಡ್ಡಿ ಇಲ್ಲ, ಕೈಯಲ್ಲಿದ್ದ ಹಣದಲ್ಲೇ ಮುಗಿಯಿತು. ಈಗ ಕೊಳ್ಳುವವರು ಇದೇ ಬೆಲೆಯನ್ನು ನಿರೀಕ್ಷಿಸಬಾರದು. ಎಐ ಯಂತ್ರಾಗಾರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜೋರಾಗಿ ಏರಿತು.

ಕರೆಂಟಿನ ಖರ್ಚಿನ ಬಗ್ಗೆ ನಾದಿನಿ ಕೇಳಿದಳು. ಪೆಟ್ಟಿಗೆ ಮತ್ತು ಪರದೆ ಸೇರಿ ಸಾಮಾನ್ಯ ಕೆಲಸದಲ್ಲಿ ನಲವತ್ತು ವ್ಯಾಟ್ ಆಸುಪಾಸು. ದಿನಕ್ಕೆ ಆರು ಗಂಟೆ ಓಡಿಸಿದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ. ಯುಪಿಎಸ್ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಕೆಲಸ ಉಳಿಸಿ ಆರಿಸಲು ಅಷ್ಟು ಸಮಯ ಸಾಕು. ನಮ್ಮ ಕರಾವಳಿಯಲ್ಲಿ ಕರೆಂಟ್ ಬಿಲ್ಲಿಗಿಂತ ತೇವಕ್ಕೇ ಹೆಚ್ಚು ಹೆದರಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ದಿನವೂ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು. ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡುವುದನ್ನು ಮರೆಯಬಾರದು. ಸ್ವಿಚ್ ಆರಿಸಿದರೆ ಸಾಲದು.

ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಬೆಲೆಗಿಂತಲೂ ಹೆಚ್ಚು ಚರ್ಚೆಯಾಯಿತು. ಹಾಲ್‌ನಲ್ಲಿ ಎಂದೆ ನಾನು. ಮಗಳು ಮುಖ ಚಿಕ್ಕದು ಮಾಡಿದಳು. ತನ್ನನ್ನು ಕಾಯಲಿಕ್ಕೆ ಎಂದು ಭಾವಿಸಿದಳು. ಮನಸ್ಸಿನ ಮೂಲೆಯಲ್ಲಿ ಅದೂ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೋಣೆಯೊಳಗಿನ ಫೋನನ್ನು ಕಾಯಲಾಗದವಳು ಹಾಲ್‌ನಲ್ಲಿರುವ ಕಂಪ್ಯೂಟರನ್ನು ಕಾದು ಏನು ಮಾಡಲಿ? ಹಾಲ್‌ನಲ್ಲಿದ್ದರೆ ನಾನೂ ಕುಳಿತುಕೊಳ್ಳಬಹುದು ಎಂಬುದು ನಿಜವಾದ ಆಸೆ. ಕೊನೆಗೆ ಹಾಲ್‌ನ ಕಿಟಕಿಯ ಪಕ್ಕ, ಹೊಲಿಗೆ ಯಂತ್ರ ಇದ್ದ ಜಾಗ ಸಿಕ್ಕಿತು. ನನಗೊಂದು, ಅವಳಿಗೊಂದು ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್. ಅವಳದ್ದು ನನಗೆ ಗೊತ್ತಿಲ್ಲ.

ಮಧ್ಯಾಹ್ನ ಅವಳು ಕಾಲೇಜಿನಲ್ಲಿರುವಾಗ ನಾನು ಕುಳಿತುಕೊಳ್ಳುತ್ತೇನೆ. ಕನ್ನಡ ಟೈಪಿಂಗ್ ಕಲಿಯಲು ಎರಡು ತಿಂಗಳು ಹಿಡಿಯಿತು. ಒತ್ತಕ್ಷರಗಳು ಇನ್ನೂ ಕಾಡುತ್ತವೆ. ಹೊಲಿಗೆಯ ಲೆಕ್ಕವನ್ನು ಮಗಳು ಒಂದು ಹಾಳೆಯಲ್ಲಿ ಹಾಕಿಕೊಟ್ಟಿದ್ದಾಳೆ. ಯಾರಿಂದ ಎಷ್ಟು ಬಾಕಿ ಎಂದು ಅದು ತಾನೇ ಕೂಡಿಸಿ ಹೇಳುತ್ತದೆ. ಹೇಳಿದ ಮೊತ್ತ ನೋಡಿ ಮೊದಲ ದಿನ ನನಗೆ ಗಾಬರಿಯಾಗಿತ್ತು. ಅಷ್ಟು ಹಣವನ್ನು ನಾನು ಜನರ ಬಳಿ ಬಿಟ್ಟಿದ್ದೆನೇ!

ಡಿಸೆಂಬರ್ ರಜೆಯಲ್ಲಿ ಮಗ ಬಂದ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ, ಸದಾ ವೈರು ಚುಚ್ಚಿಕೊಂಡೇ ಇರಬೇಕು ಎಂದು ಗೊಣಗಿದ. ಪರದೆಯ ಹಿಂದೆ ಇಣುಕಿ ಪೆಟ್ಟಿಗೆಯನ್ನು ತಟ್ಟಿ ನೋಡಿದ. “ಒಂದೂಕಾಲು ಕೆ.ಜಿ. ಇರಬಹುದು ಅಲ್ಲವಾ ಉಮ್ಮ? ಬ್ಯಾಗಿನಲ್ಲಿ ಹಿಡಿಯುತ್ತದೆ. ಹಾಸ್ಟೆಲಿನಲ್ಲಿ ಗೆಳೆಯನ ಮಾನಿಟರ್ ಇದೆ” ಎಂದ.

ನಾನು ಬಾಯಿ ತೆರೆಯುವ ಮೊದಲೇ ಮಗಳು ನಕ್ಕಳು. ಪೆಟ್ಟಿಗೆಯನ್ನು ತಗಡಿನ ಚೌಕಟ್ಟಿಗೆ ಹಾಕಿ, ನಾಲ್ಕು ಸ್ಕ್ರೂ ಬಿಗಿದು ಮಾನಿಟರಿನ ಬೆನ್ನಿಗೆ ಕೂರಿಸಿದ್ದು ಅವಳೇ. ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದಾಳೆಂದು ಅವಳಿಗೆ ಮಾತ್ರ ಗೊತ್ತು. ಮಗ ಎರಡು ದಿನ ಹುಡುಕಿದ.