ನಿದ್ದೆಯಲ್ಲಿ ನಡೆಯೋರಿಗೆ ಮಾಳಿಗೆ ಬೇಡ

ಏಪ್ರಿಲ್ ಬಂತಂದ್ರೆ ಕೊಲ್ಹಾರದ ಕಡೆ ರಾತ್ರಿ ಹತ್ತು ಗಂಟೆಗೂ ಮನೆಯೊಳಗೆ ಕೂರೋಕಾಗಲ್ಲ. ಕೌದಿ, ತಲೆದಿಂಬು ಹೊತ್ಕೊಂಡು ಎಲ್ಲರೂ ಮಾಳಿಗೆ ಹತ್ತುತ್ತಾರೆ. ಕೃಷ್ಣಾ ಹಿನ್ನೀರಿನ ಮೇಲಿಂದ ಗಾಳಿ ಬೀಸಿದರೆ ಹತ್ತೇ ನಿಮಿಷಕ್ಕೆ ನಿದ್ದೆ. ಹಾಗೆ ಮಲಗಿದವರಲ್ಲಿ ಒಬ್ಬರು ಮಧ್ಯರಾತ್ರಿ ತಮಗೇ ಗೊತ್ತಿಲ್ಲದೆ ಎದ್ದು ನಡೆಯೋಕೆ ಶುರು ಮಾಡಿದರೆ? ಇವತ್ತು ಅವರ ಬಗ್ಗೆ ಮಾತು. ಚಿಕ್ಕ ಮಕ್ಕಳ ಬಗ್ಗೆ ಅಲ್ಲ, ಇಪ್ಪತ್ತು, ಮೂವತ್ತು ದಾಟಿದವರ ಬಗ್ಗೆ.

ಮಕ್ಕಳಲ್ಲಿ ಇದು ಸಾಮಾನ್ಯ. ಬೆಳೀತಾ ಬೆಳೀತಾ ಹೆಚ್ಚಿನವರಿಗೆ ತಾನಾಗೇ ನಿಲ್ಲುತ್ತೆ. ದೊಡ್ಡವರಲ್ಲಿ ನೂರಕ್ಕೆ ಒಂದಿಬ್ಬರಿಗೆ ಇರುತ್ತೆ ಅನ್ನೋದು ಅಂದಾಜು. ಆದರೆ ಯಾರೂ ಬಾಯಿ ಬಿಡಲ್ಲ. 'ಗಾಳಿ ಸೋಕೇತಿ' ಅಂತ ತಾಯತ ಕಟ್ಟಿಸೋರು ಒಂದು ಕಡೆ, 'ಲಗ್ನ ಆಗೂತನಾ ಸುಮ್ಮನಿರು' ಅನ್ನೋರು ಇನ್ನೊಂದು ಕಡೆ. ಸಿನಿಮಾಗಳೂ ತಲೆ ಕೆಡಿಸಿವೆ. 2004ರ 'ಆಪ್ತಮಿತ್ರ' ನೋಡಿದವರಿಗೆ ರಾತ್ರಿ ಎದ್ದು ಓಡಾಡೋರೆಲ್ಲಾ ನಾಗವಲ್ಲಿ ಥರಾನೇ ಕಾಣ್ತಾರೆ. ಸಿನಿಮಾದಲ್ಲಿರೋ ತೊಂದರೆ ಬೇರೆ, ಇದು ಬೇರೆ.

ಇದರಲ್ಲಿ ಆಗೋದೇನು? ಮಲಗಿದ ಮೊದಲ ಎರಡು ಮೂರು ಗಂಟೆಯಲ್ಲಿ ನಮ್ಮ ನಿದ್ದೆ ತುಂಬಾ ಆಳಕ್ಕೆ ಇಳಿಯುತ್ತೆ. ಆ ಆಳದಿಂದ ಮಿದುಳು ಪೂರ್ತಿ ಏಳದೆ ಅರ್ಧಂಬರ್ಧ ಎದ್ದುಬಿಡುತ್ತೆ. ಕೈಕಾಲು ಆಡಿಸೋ ಭಾಗಕ್ಕೆ ಎಚ್ಚರ, ಯೋಚನೆ ಮಾಡೋ, ನೆನಪಿಡೋ ಭಾಗಕ್ಕೆ ಇನ್ನೂ ನಿದ್ದೆ. ಹಾಗಾಗಿ ಕಣ್ಣು ತೆರೆದಿರುತ್ತೆ, ಮೆಟ್ಟಿಲು ಇಳೀತಾರೆ, ಚಿಲಕ ತೆಗೀತಾರೆ. ಬೆಳಗ್ಗೆ ಕೇಳಿದರೆ ಏನೂ ನೆನಪಿರಲ್ಲ, ಇದ್ದರೂ ತುಣುಕು ತುಣುಕು. ನಾಟಕ ಮಾಡ್ತಿದಾರೆ ಅಂತ ಬೈಬೇಡಿ.

ಇದು ಮನೆತನದಲ್ಲಿ ಹರಿದು ಬರೋದೂ ಉಂಟು. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳನ್ನು ಹಲವು ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪ್ಪ ಅಮ್ಮ ಇಬ್ಬರಿಗೂ ಈ ಅಭ್ಯಾಸ ಇಲ್ಲದ ಮಕ್ಕಳಲ್ಲಿ ಸುಮಾರು ಶೇ 22 ಮಂದಿಗೆ ಇದು ಬಂದಿತ್ತು. ಒಬ್ಬರಿಗೆ ಇದ್ದರೆ ಶೇ 47, ಇಬ್ಬರಿಗೂ ಇದ್ದರೆ ಶೇ 61. ಅಂದರೆ ನಿಮ್ಮ ಮಾವನೋ ಅಜ್ಜನೋ 'ನಿದ್ದಿಗಣ್ಣಾಗ ಹೊಲಕ್ಕ ಹೋಗಿದ್ದ' ಅನ್ನೋ ತಮಾಷೆ ಕಥೆ ಮನೆಯಲ್ಲಿದ್ದರೆ ಅದನ್ನ ಡಾಕ್ಟರಿಗೆ ಹೇಳಿ. ಅವರಿಗೆ ಅದು ಉಪಯುಕ್ತ ಮಾಹಿತಿ.

ಮೈಯಲ್ಲಿ ಈ ಗುಣ ಇದ್ದರೂ ಅದನ್ನು ಎಬ್ಬಿಸೋದು ಬಹಳ ಸಲ ನಿದ್ದೆಗೇಡು. ಈ ಸಮಸ್ಯೆ ಇದ್ದವರನ್ನು 25 ಗಂಟೆ ಎಚ್ಚರ ಇಟ್ಟು, ಆಮೇಲೆ ಲ್ಯಾಬಿನಲ್ಲಿ ಮಲಗಿಸಿ ಮಾಂಟ್ರಿಯಲ್ ಸಂಶೋಧಕರು ನೋಡಿದರು. ಅವರು ಏಳೋದು ಸ್ಪಷ್ಟವಾಗಿ ಹೆಚ್ಚಾಗಿತ್ತು. ಈಗ ನಮ್ಮ ಹುಡುಗರ ಲೆಕ್ಕ ಹಾಕಿ. ಬೆಂಗಳೂರಲ್ಲೋ ಪುಣೆಯಲ್ಲೋ ನೈಟ್ ಶಿಫ್ಟ್, ಆಮೇಲೆ ರಾತ್ರಿ ಬಸ್ಸು, ಊರಿಗೆ ಬಂದ ದಿನವೇ ಜಾತ್ರೆ, ಗೆಳೆಯರ ಜೊತೆ ಎರಡು ಪೆಗ್, ಕೊನೆಗೆ ಮಾಳಿಗೆ ಮೇಲೆ ಹಾಸಿಗೆ. ಬೇಕಾದ್ದೆಲ್ಲಾ ಒಂದೇ ರಾತ್ರಿಗೆ ಕೂಡಿ ಬಂತು! ಜ್ವರ, ಮನಸ್ಸಿನ ಒತ್ತಡ, ಗೊರಕೆಯ ನಡುವೆ ಉಸಿರು ನಿಲ್ಲೋ ತೊಂದರೆ, ಇವೂ ಕಾರಣ ಆಗಬಹುದು. ಕೆಲವು ನಿದ್ದೆ ಮಾತ್ರೆಗಳೂ ಅಷ್ಟೇ. ಜೋಲ್ಪಿಡೆಮ್ ತಗೊಂಡವರು ನಿದ್ದೆಯಲ್ಲೇ ನಡೆದು, ಗಾಡಿ ಓಡಿಸಿ ಅಪಾಯಕ್ಕೆ ಸಿಕ್ಕಿದ್ದರಿಂದ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಮೆಡಿಕಲ್ ಶಾಪಿನಲ್ಲಿ ಸುಮ್ಮನೆ ಕೇಳಿ ತರೋ ಮಾತ್ರೆ ಅಲ್ಲ ಅದು.

ನಡಿಗೆ ನಿಲ್ಲೋಕೆ ಸಮಯ ಬೇಕು, ಬೀಳೋದನ್ನ ಇವತ್ತೇ ತಡೀಬಹುದು. ಸೆಕೆ ಎಷ್ಟೇ ಇರಲಿ, ಎದ್ದು ನಡೆಯೋರು ಮಾಳಿಗೆ ಮೇಲೆ ಮಲಗಬಾರದು. ನಮ್ಮ ಹಳೆ ಮಾಳಿಗೆಗಳಿಗೆ ಕುಂಬಿ ಮೊಣಕಾಲಿಗೂ ಬರಲ್ಲ, ನಡುವೆ ಬೆಳಕಿಂಡಿ ಬೇರೆ. ಕೆಳಗೆ ಪಡಸಾಲೆಯಲ್ಲಿ ನೆಲದ ಮೇಲೆ ಹಾಸ್ಕೊಳ್ಳಿ, ಫ್ಯಾನ್ ಇಟ್ಕೊಳ್ಳಿ. ಬೈಕ್ ಕೀಲಿ ಬೇರೆಯವರ ಹತ್ತಿರ ಇರಲಿ. ಕುಡಗೋಲು, ಚಾಕು ಕೈಗೆ ಸಿಗದ ಕಡೆ ಇಡಿ. ಬಾಗಿಲಿಗೆ ಎತ್ತಿನ ಗೆಜ್ಜೆಸರ ತೂಗುಹಾಕಿದರೆ ಸಾಕು, ಅಲುಗಾಡಿದ ಕೂಡಲೇ ಮನೆಯವರಿಗೆ ಎಚ್ಚರ ಆಗುತ್ತೆ, ಸಾವಿರಾರು ರೂಪಾಯಿಯ ಸೆನ್ಸರ್ ಬೇಕಿಲ್ಲ. ಹೊರಗಿನಿಂದ ಬೀಗ ಜಡಿಯೋದು, ಮಂಚಕ್ಕೆ ಕೈ ಕಟ್ಟೋದು ಮಾತ್ರ ಬೇಡ. ಬೆಂಕಿ ಹತ್ತಿದರೆ ಅವರು ಹೊರಗೆ ಬರೋದು ಹೇಗೆ? ಪಿಜಿಯಲ್ಲಿದ್ದರೆ ಬಾಲ್ಕನಿ ಇಲ್ಲದ ರೂಮ್ ಕೇಳಿ, ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಬರ್ತ್ ತಗೊಳ್ಳಿ. ರೂಮ್‌ಮೇಟ್‌ಗೆ ವಿಷಯ ಹೇಳೋಕೆ ನಾಚಿಕೆ ಅನಿಸಬಹುದು, ಆದರೂ ಹೇಳಿ. ಮದುವೆ ಆಗೋರಿಗೂ ಅಷ್ಟೇ. ಮೊದಲ ವಾರವೇ ಅವರು ಕತ್ತಲಲ್ಲಿ ಹೆದರಿ ಕಿರುಚೋದಕ್ಕಿಂತ ಮುಂಚೆ ಗೊತ್ತಿರೋದು ಒಳ್ಳೇದು.

ನಡೀತಿರೋರನ್ನ ಎಬ್ಬಿಸಿದರೆ ಸತ್ತೇ ಹೋಗ್ತಾರೆ ಅನ್ನೋದು ಸುಳ್ಳು. ಆದರೆ ಅಲುಗಾಡಿಸಿ, ಮುಖಕ್ಕೆ ನೀರು ಎರಚಿ ಎಬ್ಬಿಸಿದರೆ ಗಾಬರಿಯಲ್ಲಿ ನಿಮ್ಮನ್ನೇ ತಳ್ಳಬಹುದು, ಹೊಡೀಬಹುದು. ಗಟ್ಟಿ ಹಿಡಿಯಬೇಡಿ. ಮೆತ್ತಗೆ 'ಬಾರಪ್ಪಾ, ಮಲ್ಕೋ ನಡಿ' ಅಂತ ಹಾಸಿಗೆ ಕಡೆ ತಿರುಗಿಸಿ. ಸಾಮಾನ್ಯವಾಗಿ ಬರ್ತಾರೆ.

ದಿನಾ ಒಂದೇ ಹೊತ್ತಿಗೆ ಏಳೋರಿಗೆ ಇನ್ನೊಂದು ಉಪಾಯ ಇದೆ. ಆ ಹೊತ್ತಿಗಿಂತ ಕಾಲು ಗಂಟೆ ಮುಂಚೆ ಮನೆಯವರೇ ಮೆಲ್ಲಗೆ ಎಬ್ಬಿಸಿ, ಮತ್ತೆ ಮಲಗಿಸೋದು. ಮಕ್ಕಳಲ್ಲಿ ಇದನ್ನ ಹೆಚ್ಚು ಬಳಸ್ತಾರೆ, ದೊಡ್ಡವರೂ ಕೆಲವು ವಾರ ಪ್ರಯತ್ನಿಸಬಹುದು.

ಡಾಕ್ಟರ್ ಹತ್ತಿರ ಯಾವಾಗ? ಚಿಕ್ಕಂದಿನಲ್ಲಿ ಇಲ್ಲದ್ದು ಈಗ ಹೊಸದಾಗಿ ಶುರುವಾದರೆ, ಗಾಯ ಆಗಿದ್ದರೆ, ಮನೆಯಿಂದ ಹೊರಗೆ ಹೋಗಿದ್ದರೆ ಕಾಯಬೇಡಿ. ಒಂದೇ ರಾತ್ರಿ ಹಲವು ಸಲ, ಪ್ರತಿ ಸಲ ಒಂದೇ ಥರ ಕೈಕಾಲು ಆಡಿಸಿದರೆ, ನಾಲಿಗೆ ಕಚ್ಚಿಕೊಂಡಿದ್ದರೆ ಅದು ಫಿಟ್ಸ್ ಇರಬಹುದು. ಐವತ್ತು ದಾಟಿದವರು ಬೆಳಗಿನ ಜಾವ ಕನಸಿಗೆ ತಕ್ಕಂತೆ ಕೂಗಿ ಒದ್ದಾಡಿದರೆ ಅದೂ ಬೇರೆ ಕಾಯಿಲೆ. ಇವುಗಳ ವ್ಯತ್ಯಾಸ ಬಾಯಿಮಾತಲ್ಲಿ ಹೇಳೋದು ಕಷ್ಟ. ಅದಕ್ಕೇ ಮನೆಯವರು ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಲಿ. ಮಲಗಿದ್ದೆಷ್ಟಕ್ಕೆ, ಎದ್ದಿದ್ದೆಷ್ಟಕ್ಕೆ, ಆ ದಿನ ಕುಡಿದಿದ್ದೇನು, ಯಾವ ಮಾತ್ರೆ ತಗೊಂಡಿದ್ದು, ಬರೆದಿಡಲಿ. ಆ ವಿಡಿಯೋ ಡಾಕ್ಟರಿಗೆ ಮಾತ್ರ, ಫ್ಯಾಮಿಲಿ ಗ್ರೂಪಿಗೆ ಬೇಡ.

ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನೇರವಾಗಿ ತೋರಿಸಬೇಕು ಅಂದರೆ ವಿಜಯಪುರದ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ರಾತ್ರಿಯಿಡೀ ನಿದ್ದೆ ಅಳೆಯೋ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಬರೆದುಕೊಡ್ತಾರೆ. ಹೋಗುವಾಗ ನಿಮ್ಮ ಜೊತೆ ಅದೇ ಕೋಣೆಯಲ್ಲಿ ಮಲಗೋರನ್ನ ಕರ್ಕೊಂಡು ಹೋಗಿ. ನೋಡಿದವರು ಅವರು, ನೀವು ನಿದ್ದೆಯಲ್ಲಿದ್ರಿ.