ಟೈರಿನ ಮೇಲಿನ ಬರಹ ಓದೋಣ ಬನ್ನಿ



ಹಿಂದೆ ಕಾರು ಅಂದರೆ ಸಾಹುಕಾರರ ಮನೆಯ ವಸ್ತು. ಈಗ ಹಾಗಿಲ್ಲ. ನಮ್ಮ ಓಣಿಗಳಲ್ಲೇ ಎರಡು ಮೂರು ಹಳೆಯ ಕಾರುಗಳಿವೆ. ಯಾರೋ ಹತ್ತು ಹದಿನೈದು ವರ್ಷ ಓಡಿಸಿ ಮಾರಿದ ಮಾರುತಿ 800, ಆಲ್ಟೊ, ಓಮ್ನಿ. ಸಂತೆಗೆ ಸೊಪ್ಪು ತರಕಾರಿ ಸಾಗಿಸಬೇಕು. ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರಬೇಕು. ಜಾತ್ರೆಗೆ ಹೋಗಬೇಕು. ಎಲ್ಲದಕ್ಕೂ ಅದೇ ಗಾಡಿ.

ಮಾರುತಿ 800 ಕಾರು 1983ರಲ್ಲಿ ಬಂತು. 2014ರಲ್ಲಿ ಅದರ ತಯಾರಿ ನಿಂತಿತು. ಅಂದರೆ ಇವತ್ತು ರಸ್ತೆಯಲ್ಲಿರುವ ಪ್ರತಿಯೊಂದು 800 ಕಾರಿಗೂ ಹತ್ತು ವರ್ಷ ದಾಟಿದೆ. ಎಂಜಿನ್ ಇನ್ನೂ ಗಟ್ಟಿ ಇರಬಹುದು. ಟೈರು ಹಾಗಲ್ಲ. ಅದು ಸವೆಯುತ್ತದೆ, ಬಿರಿಯುತ್ತದೆ. ಆಗಾಗ ಬದಲಾಯಿಸಲೇಬೇಕು.

ಟೈರು ಗಂಡಸರ ಬಾಬತ್ತು ಅಂತ ನಾವು ಸುಮ್ಮನಿರುತ್ತೇವೆ. ಅಂಗಡಿಯವರೂ ನಮ್ಮ ಜೊತೆ ಮಾತಾಡುವುದಿಲ್ಲ. ಆದರೆ ದುಡ್ಡು ಎಲ್ಲಿಂದ ಬರುತ್ತದೆ? ಎಷ್ಟೋ ಮನೆಗಳಲ್ಲಿ ಸಂಘದ ಸಾಲದಿಂದ. ವಾರದ ಕಂತು ಕಟ್ಟುವವರು ನಾವು. ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವರೂ ನಾವೇ. ಹಾಗಾದರೆ ಟೈರು ಒಳ್ಳೆಯದೋ ಕೆಟ್ಟದ್ದೋ ಅಂತ ನಾವೂ ನೋಡಬೇಡವೇ?

ಇಡೀ ಕಾರು ನಿಂತಿರುವುದು ಎಷ್ಟು ಜಾಗದ ಮೇಲೆ ಗೊತ್ತೇ? ಒಂದು ಟೈರು ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ನಾಲ್ಕು ಟೈರಿಗೆ ನಾಲ್ಕು ಅಂಗೈ. ಬ್ರೇಕ್ ಹಾಕಿದಾಗ ಕಾರನ್ನು ಹಿಡಿದು ನಿಲ್ಲಿಸುವುದು ಆ ನಾಲ್ಕು ಅಂಗೈ. ತಿರುವಿನಲ್ಲಿ ಜಾರದಂತೆ ತಡೆಯುವುದೂ ಅದೇ.

ಹಳೆಯ ಟೈರು ಇನ್ನೂ ನಡೆಯುತ್ತದೆಯೇ?

ಮೊದಲು ಇರುವ ಟೈರನ್ನೇ ನೋಡೋಣ. ಟೈರಿನ ಮೈಮೇಲೆ ಗೀರು ಗೀರಾಗಿ ಚಿಕ್ಕ ಕಾಲುವೆಗಳಿವೆ. ಇದಕ್ಕೆ ಗ್ರಿಪ್ ಅನ್ನುತ್ತಾರೆ. ಇವು ಚಂದಕ್ಕೆ ಮಾಡಿದ್ದಲ್ಲ. ಮಳೆ ನೀರು ಈ ಕಾಲುವೆಗಳಲ್ಲಿ ಹರಿದು ಹೊರಗೆ ಹೋಗುತ್ತದೆ. ಆಗ ರಬ್ಬರು ರಸ್ತೆಯನ್ನು ಹಿಡಿಯುತ್ತದೆ. ಕಾಲುವೆ ಸವೆದು ಟೈರು ಬೋಳಾದರೆ ನೀರಿಗೆ ದಾರಿ ಇಲ್ಲ. ವೇಗದಲ್ಲಿ ಹೋಗುವಾಗ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಬ್ರೇಕ್ ಒತ್ತಿದರೂ ಕಾರು ನಿಲ್ಲದು. ಸ್ಟೀರಿಂಗ್ ತಿರುಗಿಸಿದರೂ ತಿರುಗದು.

ಎಷ್ಟು ಸವೆಯಬಹುದು? ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ ಕಾರಿನ ಟೈರಿನ ಗ್ರಿಪ್ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಎಂದಿದೆ. ಒಂದು ರೂಪಾಯಿ ನಾಣ್ಯದ ದಪ್ಪ ಇದಕ್ಕೆ ಹತ್ತಿರ ಹತ್ತಿರ. ಅಳೆಯಲು ಕಡ್ಡಿ ಬೇಕಿಲ್ಲ. ಟೈರು ಮಾಡುವವರೇ ಗುರುತು ಇಟ್ಟಿರುತ್ತಾರೆ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಪುಟ್ಟ ರಬ್ಬರಿನ ದಿಂಡು ಇರುತ್ತದೆ. ಹೊಲದ ಬದುವಿನ ಹಾಗೆ ಅಡ್ಡಕ್ಕೆ ಇರುತ್ತದೆ. ಟೈರಿನ ಮೈ ಸವೆದು ಈ ದಿಂಡಿನ ಮಟ್ಟಕ್ಕೆ ಬಂದಿತೆಂದರೆ ಅದರ ಆಯಸ್ಸು ಮುಗಿಯಿತು. ನಮ್ಮನ್ನು ಕೇಳಿದರೆ, ಮಲೆನಾಡಿನ, ಕರಾವಳಿಯ ಅಕ್ಕಂದಿರು ಅಲ್ಲಿಯವರೆಗೂ ಕಾಯಬಾರದು. ಅಲ್ಲಿ ಮಳೆ ಹೆಚ್ಚು, ತಿರುವೂ ಹೆಚ್ಚು. ಮುಂಗಾರಿಗೆ ಮುಂಚೆಯೇ ಬದಲಾಯಿಸುವುದು ಮೇಲು.

ಇನ್ನು ಟೈರಿನ ಪಕ್ಕದ ಗೋಡೆ ನೋಡಿ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿದ ಹಾಗೆ ಬಿರುಕು ಇದೆಯೇ? ಎಲ್ಲಾದರೂ ಗುಳ್ಳೆಯಂತೆ ಉಬ್ಬಿದೆಯೇ? ಉಬ್ಬಿದ್ದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಆ ಟೈರು ಯಾವಾಗ ಬೇಕಾದರೂ ಸಿಡಿಯಬಹುದು. ಗ್ರಿಪ್ ಎಷ್ಟೇ ಇರಲಿ, ಅದನ್ನು ತೆಗೆಸಲೇಬೇಕು. ಪಕ್ಕದ ಗೋಡೆ ಹರಿದರೆ ಪ್ಯಾಚು ಹಾಕಿಯೂ ಉಪಯೋಗವಿಲ್ಲ.

ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್.ಟಿ.ಓ. ಕಚೇರಿಗೆ ಹೋಗಿ ನೋಂದಣಿ ಹೊಸದು ಮಾಡಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ. ಅಲ್ಲಿ ಗಾಡಿ ಪರೀಕ್ಷೆ ಮಾಡುತ್ತಾರೆ. ಬೋಳು ಟೈರಿನಲ್ಲಿ ಹೋದರೆ ವಾಪಸು ಬರಬೇಕಾದೀತು.

ಅಂಕಿ ಗೊತ್ತಿದ್ದರೆ ಸಾಕು

ಟೈರಿನ ಪಕ್ಕದ ಗೋಡೆಯ ಮೇಲೆ ಉಬ್ಬಿದ ಅಕ್ಷರಗಳಿರುತ್ತವೆ. ಇಂಗ್ಲಿಷ್ ಅಕ್ಷರ ಅಂತ ಹೆದರಬೇಡಿ. ಹೆಚ್ಚಿನವು ಅಂಕಿಗಳು. ಬಸ್ಸಿನ ನಂಬರು, ನೋಟಿನ ನಂಬರು ಓದುತ್ತೀರಲ್ಲ, ಇದೂ ಹಾಗೆಯೇ.

ಮಾರುತಿ 800 ಕಾರಿನ ಟೈರಿನ ಮೇಲೆ 145/70 ಆರ್ 12 ಅಂತ ಇರುತ್ತದೆ. 145 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಹದಿನಾಲ್ಕೂವರೆ ಸೆಂಟಿಮೀಟರ್ ಆಯಿತು. 70 ಅಂದರೆ ಪಕ್ಕದ ಗೋಡೆಯ ಎತ್ತರ. ಅಗಲ ನೂರು ಪಾಲಾದರೆ ಎತ್ತರ ಅದರಲ್ಲಿ 70 ಪಾಲು. ಸುಮಾರು 10 ಸೆಂಟಿಮೀಟರ್. ಆರ್ ಎಂದರೆ ರೇಡಿಯಲ್ ಜಾತಿಯ ಟೈರು. ಕೊನೆಯ 12 ಎಂದರೆ ಒಳಗಿನ ಕಬ್ಬಿಣದ ಡಿಸ್ಕಿನ ಅಳತೆ, 12 ಇಂಚು.

ಆಲ್ಟೊ 800 ಕಾರಿಗೆ 145/80 ಆರ್ 12. ನೋಡಿ, ನಡುವಿನ ಅಂಕಿ ಮಾತ್ರ ಬೇರೆ. ಡಿಸ್ಕಿನ ಅಳತೆ ಒಂದೇ. ಹಾಗಾಗಿ 800 ಕಾರಿಗೆ ಆಲ್ಟೊ ಟೈರು ಕೂರುತ್ತದೆ. ಅಂಗಡಿಯಲ್ಲಿ ಸರಿಯಾದ ಅಳತೆ ಇಲ್ಲದಿದ್ದರೆ "ಇದೇ ಆಗುತ್ತಮ್ಮಾ, ಹಾಕಿಸಿ" ಅನ್ನಬಹುದು. ಕೂರುತ್ತದೆ ನಿಜ. ಆದರೆ ಚಕ್ರ ಸುಮಾರು 3 ಸೆಂಟಿಮೀಟರ್ ದೊಡ್ಡದಾಗುತ್ತದೆ. ಆಗ ಮೀಟರು ತೋರಿಸುವುದಕ್ಕಿಂತ ಕಾರು ಜೋರಾಗಿ ಓಡುತ್ತಿರುತ್ತದೆ. ಕಾರಿನ ಪುಸ್ತಕದಲ್ಲಿ ಇರುವ ಅಳತೆಯನ್ನೇ ಕೇಳಿ. ಒಂದು ಪಕ್ಕ ಒಂದು ಅಳತೆ, ಇನ್ನೊಂದು ಪಕ್ಕ ಇನ್ನೊಂದು ಅಳತೆ ಅಂತೂ ಹಾಕಿಸಲೇಬಾರದು. ಕಾಲಿಗೆ ಎರಡು ಜೊತೆಯ ಚಪ್ಪಲಿ ಹಾಕಿ ನಡೆದ ಹಾಗೆ ಆಗುತ್ತದೆ.

ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ. ಅದು ಭಾರದ ಗುರುತು. 69 ಅಂತ ಇದ್ದರೆ ಆ ಟೈರು 325 ಕೆ.ಜಿ. ಹೊರುತ್ತದೆ. 74 ಅಂತ ಇದ್ದರೆ 375 ಕೆ.ಜಿ. ಹಳೆಯ ಟೈರಿನ ಮೇಲೆ ಇದ್ದ ಅಂಕಿಗಿಂತ ಕಡಿಮೆಯದು ಬೇಡ. ಓಮ್ನಿಯಲ್ಲಿ ಈರುಳ್ಳಿ ಮೂಟೆ ಹೇರುವವರು ಇದನ್ನು ಮರೆಯಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಅಂಕಿ. ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಒಂದು ಸಣ್ಣ ಚೌಕಟ್ಟು ಹುಡುಕಿ. ಅದರಲ್ಲಿ ನಾಲ್ಕು ಅಂಕಿಗಳಿರುತ್ತವೆ. ಉದಾಹರಣೆಗೆ 2319. ಮೊದಲ ಎರಡು ಅಂಕಿ ವಾರ. ಕೊನೆಯ ಎರಡು ಅಂಕಿ ವರ್ಷ. 2019ನೇ ಇಸವಿಯ 23ನೇ ವಾರದಲ್ಲಿ, ಅಂದರೆ ಜೂನ್ ತಿಂಗಳಲ್ಲಿ, ಈ ಟೈರು ಹುಟ್ಟಿತು. ಒಂದು ಪಕ್ಕ ಕಾಣದಿದ್ದರೆ ಇನ್ನೊಂದು ಪಕ್ಕ ತಿರುಗಿಸಿ ನೋಡಿ. ಕೆಲವು ಟೈರಿಗೆ ಒಂದೇ ಕಡೆ ಇರುತ್ತದೆ.

ಹುಟ್ಟಿದ ದಿನ ಯಾಕೆ ಬೇಕು? ರಬ್ಬರು ಓಡದೇ ಕೂತರೂ ಮುದಿಯಾಗುತ್ತದೆ. ಬಿಸಿಲಿಗೆ, ಗಾಳಿಗೆ ಗಟ್ಟಿಯಾಗಿ ಬಿರಿಯುತ್ತದೆ. ಟೈರಿಗೆ ಐದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಹತ್ತು ವರ್ಷ ಆದ ಮೇಲೆ ಗ್ರಿಪ್ ಪೂರ್ತಿ ಇದ್ದರೂ ಬೇಡ. ಇದು ಹಲವು ಟೈರು ಕಂಪನಿಗಳೇ ಹೇಳುವ ಮಾತು. ಹಿಂದುಗಡೆ ಮಲಗಿರುವ ಸ್ಟೆಪ್ನಿಯನ್ನೂ ನೋಡಿ. ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಕಾರಿನಷ್ಟೇ ಹಳೆಯದು! ಹೊಸ ಟೈರು ಕೊಳ್ಳುವಾಗ ವರ್ಷದೊಳಗೆ ತಯಾರಾದದ್ದನ್ನು ಕೇಳಿ. ಮೂರು ವರ್ಷ ಅಂಗಡಿಯಲ್ಲಿ ಕೂತದ್ದನ್ನು ಹೊಸದರ ಬೆಲೆಗೆ ಯಾಕೆ ತರಬೇಕು?

ಐ.ಎಸ್.ಐ. ಗುರುತು ಇದೆಯೇ ಅಂತಲೂ ನೋಡಿ. ನಮ್ಮಲ್ಲಿ ಮಾರುವ ಕಾರಿನ ಟೈರಿಗೆ ಅದು ಕಡ್ಡಾಯ.

ಅಗ್ಗವೋ, ಅಗ್ಗದಂತೆ ಕಾಣುವುದೋ?

ಹಳೆ ಟೈರಿನ ಅಂಗಡಿಗೆ ಹೋದರೆ ಕಪ್ಪಗೆ ಫಳಫಳ ಹೊಳೆಯುವ ಟೈರುಗಳು ಸಾಲಾಗಿ ನಿಂತಿರುತ್ತವೆ. ಆ ಹೊಳಪು ಪಾಲಿಶಿನದು. ಕೆಲವರು ಇನ್ನೊಂದು ಮೋಸ ಮಾಡುತ್ತಾರೆ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಗೀರು ಕೆತ್ತಿ ಹೊಸದರ ಹಾಗೆ ಮಾಡುತ್ತಾರೆ. ಗೀರು ಆಳವಾಗಿ ಕಾಣುತ್ತದೆ, ಆದರೆ ಕೆಳಗೆ ರಬ್ಬರೇ ಇಲ್ಲ. ಕಂಡುಹಿಡಿಯುವುದು ಹೇಗೆ? ಕಾಲುವೆಯ ತಳದ ಆ ಪುಟ್ಟ ದಿಂಡು ಹುಡುಕಿ. ಕೆತ್ತಿದ ಟೈರಿನಲ್ಲಿ ಅದು ಕತ್ತರಿಸಿ ಹೋಗಿರುತ್ತದೆ. ಗೀರುಗಳ ಅಂಚೂ ಸೊಟ್ಟಪಟ್ಟ.

ಬೆಲೆಯ ಲೆಕ್ಕ ಹಾಕೋಣ. ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ಹೊಸ ಟೈರಿಗೆ 3000 ರೂಪಾಯಿ, ಓಡುವುದು 40,000 ಕಿಲೋಮೀಟರ್. ಹಳೆಯದಕ್ಕೆ 1000 ರೂಪಾಯಿ, ಓಡುವುದು 8,000 ಕಿಲೋಮೀಟರ್. ಈಗ ಭಾಗಿಸಿ. ಹೊಸದಕ್ಕೆ ಕಿಲೋಮೀಟರಿಗೆ ಏಳೂವರೆ ಪೈಸೆ. ಹಳೆಯದಕ್ಕೆ ಹನ್ನೆರಡೂವರೆ ಪೈಸೆ. ಯಾವುದು ಅಗ್ಗ? ನಿಮ್ಮೂರಿನ ಬೆಲೆ ಕೇಳಿಕೊಂಡು ಬಂದು ನೀವೇ ಈ ಲೆಕ್ಕ ಮಾಡಿ ನೋಡಿ.

"ಟೀಚರ್, ನಾಲ್ಕಕ್ಕೂ ಹೊಸದು ಹಾಕಿಸುವಷ್ಟು ದುಡ್ಡು ಇಲ್ಲವಲ್ಲ" ಅಂತ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. ಸರಿಯಾದ ಪ್ರಶ್ನೆ. ನಾಲ್ಕು ಹಳೆಯ ಟೈರು ತರುವ ಬದಲು ಎರಡು ಹೊಸದು ತನ್ನಿ. ಉಳಿದ ಎರಡರಲ್ಲಿ ಗ್ರಿಪ್ ಸಾಕಷ್ಟು ಇರಬೇಕು, ಅಷ್ಟೆ. ಆರು ತಿಂಗಳು ಬಿಟ್ಟು ಇನ್ನೆರಡು. ಹೊಸ ಎರಡನ್ನು ಎಲ್ಲಿ ಹಾಕಿಸಬೇಕು? ಎಲ್ಲರೂ ಮುಂದಕ್ಕೆ ಅನ್ನುತ್ತಾರೆ. ಹಾಗಲ್ಲ, ಹಿಂದಕ್ಕೆ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಓಡಿಸುವವರಿಗೆ ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ವೇಗ ಇಳಿಸಿ ಸರಿಮಾಡಿಕೊಳ್ಳಬಹುದು. ಹಿಂದಿನ ಚಕ್ರ ಜಾರಿತೋ, ಕಾರು ಬುಗುರಿಯ ಹಾಗೆ ಗಿರಕಿ ಹೊಡೆಯುತ್ತದೆ. ಆಗ ಯಾರ ಕೈಯಲ್ಲೂ ಏನೂ ಇಲ್ಲ. ಮುಂದೆ ಎರಡೂ ಒಂದೇ ಜಾತಿ, ಹಿಂದೆ ಎರಡೂ ಒಂದೇ ಜಾತಿ ಇರಲಿ.

ಲಾರಿ ಬಸ್ಸಿನ ಟೈರಿಗೆ ಹೊಸ ರಬ್ಬರು ಹಾಕಿಸುತ್ತಾರಲ್ಲ, ಆ ರಿಸೋಲಿಂಗ್ ಕಾರಿಗೆ ಬೇಡ. ತೀರಾ ಹಳೆಯ ಟೈರನ್ನು ಎತ್ತಿನ ಗಾಡಿಗೆ ಹಾಕಿಕೊಳ್ಳಿ. ಎತ್ತು 80ರ ವೇಗದಲ್ಲಿ ಓಡುವುದಿಲ್ಲ!

ಟ್ಯೂಬ್ ಇರುವುದೋ, ಟ್ಯೂಬ್‌ಲೆಸ್ಸೋ? ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಹೋಗುತ್ತದೆ. ಟ್ಯೂಬ್ ಆದರೆ ಒಮ್ಮೆಲೇ ಹೋಗಬಹುದು. ಆದರೆ ಹಳೆಯ ಕಾರಿನ ಡಿಸ್ಕ್ ಟ್ಯೂಬ್‌ಲೆಸ್ಸಿಗೆ ಹೊಂದಬೇಕು. ತುಕ್ಕು ಹಿಡಿದ, ಸೊಟ್ಟಗಾದ ಡಿಸ್ಕಿನಲ್ಲಿ ಗಾಳಿ ನಿಲ್ಲುವುದಿಲ್ಲ. ಡಿಸ್ಕ್ ತೋರಿಸಿ ಕೇಳಿಯೇ ತೀರ್ಮಾನ ಮಾಡಿ. ಟ್ಯೂಬ್ ಹಾಕಿಸುವುದಾದರೆ ಹೊಸ ಟೈರಿಗೆ ಹೊಸ ಟ್ಯೂಬೇ ಇರಲಿ.

ಕಂಪನಿ ಯಾವುದು ಅಂತ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಎಂ.ಆರ್.ಎಫ್., ಅಪೊಲೊ, ಸಿಯೆಟ್, ಜೆ.ಕೆ. ಎಲ್ಲ ನಮ್ಮ ದೇಶದ ಕಂಪನಿಗಳೇ. ಮೈಸೂರಿನಲ್ಲಿದ್ದ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ಜೆ.ಕೆ.ಯವರು ವಹಿಸಿಕೊಂಡರು. ಎರಡು ಮೂರು ಅಂಗಡಿಯಲ್ಲಿ ಬೆಲೆ ವಿಚಾರಿಸಿ. ಟೈರು, ಕೂರಿಸುವ ಕೂಲಿ, ಬ್ಯಾಲೆನ್ಸಿಂಗ್ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಕೇಳಿ. ಹೊಸ ಟೈರಿನ ಮೇಲೆ ನೂರಕ್ಕೆ 28 ರೂಪಾಯಿ ಇದ್ದ ಜಿ.ಎಸ್.ಟಿ. ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18 ರೂಪಾಯಿಗೆ ಇಳಿದಿದೆ. ಬಿಲ್ಲು ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂದಾರು. ಒಪ್ಪಬೇಡಿ. ಟೈರಿನಲ್ಲಿ ದೋಷ ಕಂಡರೆ ಬಿಲ್ಲು, ವಾರಂಟಿ ಕಾರ್ಡೇ ಆಧಾರ.

ತಂದ ಮೇಲೆ ಗಾಳಿ ನೋಡಿಕೊಳ್ಳಬೇಕು. ಎಷ್ಟು ಗಾಳಿ ಅಂತ ಕಾರಿನ ಪುಸ್ತಕದಲ್ಲಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ಹಿಡಿಸಿ. ಪೆಟ್ರೋಲ್ ಬಂಕಿನಲ್ಲಿ ಗಾಳಿಗೆ ದುಡ್ಡು ಕೊಡಬೇಕಿಲ್ಲ. ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚು ಸವೆಯುತ್ತದೆ. ಹೆಚ್ಚಾದರೆ ನಡು ಸವೆಯುತ್ತದೆ. ಒಂದೇ ಅಂಚು ಸವೆದಿದ್ದರೆ ಚಕ್ರ ಸೊಟ್ಟಗಿದೆ, ಅಲೈನ್‌ಮೆಂಟ್ ಮಾಡಿಸಬೇಕು. ಮನೆ ಮುಂದೆ ನಿಂತ ಕಾರನ್ನು ಕಸ ಗುಡಿಸುವಾಗ ಒಮ್ಮೆ ಬಗ್ಗಿ ನೋಡಿದರೂ ಇದು ಗೊತ್ತಾಗುತ್ತದೆ.

ತೆಗೆದ ಹಳೆಯ ಟೈರನ್ನು ಅಂಗಡಿಯವರಿಗೇ ಕೊಟ್ಟು ಬೆಲೆಯಲ್ಲಿ ಕಳೆಯಲು ಹೇಳಿ. ಮನೆಗೆ ತಂದರೆ ಒಲೆಗೆ, ನೀರಿನ ಹಂಡೆಯ ಉರಿಗೆ ಹಾಕಬೇಡಿ. ಆ ಹೊಗೆ ವಿಷ. ಹಿತ್ತಲಿನಲ್ಲಿ ಬಿಸಾಡಿದರೆ ಮಳೆ ನೀರು ಒಳಗೆ ನಿಲ್ಲುತ್ತದೆ. ಡೆಂಗಿ ಜ್ವರ ತರುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಲ್ಲೇ. ಗಿಡ ನೆಡಲು ಇಟ್ಟುಕೊಳ್ಳುವುದಾದರೆ ತಳದಲ್ಲಿ ನಾಲ್ಕಾರು ತೂತು ಮಾಡಿ, ಪೂರ್ತಿ ಮಣ್ಣು ತುಂಬಿ.