ಹಳೆಯ ಜೀಪು ಕೊಳ್ಳುವ ಮುನ್ನ

ಮಳೆ ಬಿದ್ದ ಮರುದಿನ ಹುನಗುಂದದ ಎರೆಹೊಲದಲ್ಲಿ ನಡೆದು ನೋಡಿ. ನಾಲ್ಕು ಹೆಜ್ಜೆಗೆ ಚಪ್ಪಲಿ ಸೇರು ತೂಕವಾಗುತ್ತದೆ. ಇಂಥ ನೆಲದಲ್ಲಿ ಹಿಂದಿನ ಎರಡೇ ಗಾಲಿಗಳಿಗೆ ಬಲ ಸಿಕ್ಕರೆ ಅವು ನಿಂತಲ್ಲೇ ತಿರುಗಿ ಹೂತುಹೋಗುತ್ತವೆ. ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಆ ಬಲವನ್ನು ಮುಂದಿನ ಗಾಲಿಗಳಿಗೂ ಹಂಚುತ್ತದೆ.

ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಅನಂತರದ ಸಿ.ಜೆ. 3ಬಿ ಮಾದರಿಯ ಬಾನೆಟ್ಟು ಎತ್ತರ. ಗಾಳಿ ಒಳಬರುವ ಕವಾಟಗಳನ್ನು ಮೇಲೆ ಹೆಡ್ಡಿನಲ್ಲಿ ಇರಿಸಿದ್ದರಿಂದ ಎಂಜಿನ್ನೇ ಎತ್ತರವಾಯಿತು.

ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಇಂಥ ಜೀಪು ಮಾರಾಟಕ್ಕಿದೆಯೆಂದು ಕೇಳಿದರೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. (ಪ್ರಯೋಗಶಾಲೆಯದಾದರೆ ಮೇಷ್ಟ್ರನ್ನು ಕೇಳಿಯೇ ತನ್ನಿ!) ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಅದು ಅಂಟದು. ಚಾಸಿ ಸಂಖ್ಯೆ ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಎದ್ದು ಬನ್ನಿ.

ದುರಸ್ತಿಯಲ್ಲಿ ಎಲ್ಲರ ಕಣ್ಣು ಬಣ್ಣದ ಮೇಲೆ. ನಾನಾದರೋ ಮೊದಲು ಬ್ರೇಕು ನೋಡೆನ್ನುತ್ತೇನೆ. ದ್ರವದ ಮೇಲಿನ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆಂಬ ಪಾಸ್ಕಲ್ ನಿಯಮವನ್ನು ಓದಿದ್ದೀರಲ್ಲ? ಹಳೆಯ ಜೀಪಿನ ನಾಲ್ಕೂ ಬ್ರೇಕುಗಳಿಗೆ ಎಣ್ಣೆಯ ಮಾರ್ಗ ಒಂದೇ. ಒಂದು ಗಾಲಿಯ ಬಳಿ ರಬ್ಬರು ಸವೆದು ಎಣ್ಣೆ ಸೋರಿತೆಂದರೆ ಒತ್ತಡ ಬಿದ್ದು ನಾಲ್ಕೂ ಹೋದಂತೆ. ಬಾದಾಮಿಯ ಗುಡ್ಡದ ಇಳಿಜಾರಿನಲ್ಲಿ ಇದು ತಿಳಿದುಬಂದರೆ ಏನು ಗತಿ?

ಇನ್ನು ಕಾಗದಪತ್ರ. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆ ಫಲಕ ಹಾಕಿಸಿದ ಮೇಲೆ ದಿನಾ ಹೊಲಕ್ಕೆ ಓಡಿಸುವಂತಿಲ್ಲ.